ಗ್ರಾಮಫೋನ್ ತಟ್ಟೆಗಳ ಮಹಾರಾಜ: ಜಯಚಾಮರಾಜ ಒಡೆಯರು

ಮೈಸೂರು ಸಂಸ್ಥಾನದ ಕೊನೆಯ ಅರಸರಾದ ಶ್ರೀ ಜಯಚಾಮರಾಜ ಒಡೆಯರು ತೀರಿಕೊಂಡು ಅರ್ಧ ಶತಮಾನ ಕಳೆದಿದೆ. ಅರಸರಾಗಿ, ರಾಜಪ್ರಮುಖರಾಗಿ, ರಾಜ್ಯಪಾಲರಾಗಿ ಅವರನ್ನು ಬಲ್ಲವರು ಬಹಳ ಮಂದಿ. ತತ್ತ್ವಶಾಸ್ತ್ರದ ವಿದ್ವಾಂಸರೆಂದೂ ವಾಗ್ಗೇಯಕಾರರೆಂದೂ ಬಲ್ಲವರೂ ಇದ್ದಾರೆ. ಆದರೆ ಅವರ ಇನ್ನೊಂದು ಮುಖ ನಮ್ಮಲ್ಲಿ ಹೆಚ್ಚಿನವರಿಗೆ ಅಪರಿಚಿತ. ಅವರು ಅಪೂರ್ವ ಕೇಳುಗರಾಗಿದ್ದರು. ಅವರ ಸಂಗ್ರಹದಲ್ಲಿ ಸುಮಾರು 20,000 ಗ್ರಾಮಫೋನ್ ತಟ್ಟೆಗಳಿದ್ದವೆಂದು ಅಂದಾಜು. ಇದ್ದ ತಟ್ಟೆಗಳನ್ನು ಕೊಂಡು ತುಂಬಿಸಿಕೊಂಡದ್ದಷ್ಟೇ ಅಲ್ಲ, ಯಾರೂ ಮುದ್ರಿಸಲು ಮುಂದಾಗದ ಸಂಗೀತವನ್ನು ತಮ್ಮ ಹಣದಿಂದ ಮುದ್ರಿಸಿ ಉಳಿಸಿದರು.

ಗ್ರಾಮಫೋನ್ ತಟ್ಟೆಗೆ ಒಂದು ವಿಚಿತ್ರ ಗುಣವಿದೆ. ಪುಸ್ತಕವನ್ನು ಎಷ್ಟು ಸಲ ಓದಿದರೂ ಅಕ್ಷರ ಅಳಿಸಿಹೋಗುವುದಿಲ್ಲ. ತಟ್ಟೆಯಾದರೋ ಕೇಳಿದಷ್ಟೂ ಸವೆಯುತ್ತದೆ. ಕೇಳದೆ ಇಟ್ಟರೆ ಅದರಿಂದ ಪ್ರಯೋಜನವಿಲ್ಲ. ಅಜಾಗ್ರತೆಯಿಂದ ಕೇಳಿದರೆ ಅದೇ ಉಳಿಯುವುದಿಲ್ಲ. ಈ ಎರಡರ ನಡುವೆ ನಿಂತಿರುವುದು ಮುಳ್ಳಿನ ತೂಕ. ತಟ್ಟೆಯ ಮೇಲೆ ಮುಳ್ಳು ಎಷ್ಟು ಭಾರ ಹಾಕಿ ಕುಳಿತಿದೆ ಎಂಬುದರ ಮೇಲೆ ಅದರೊಳಗಿನ ದನಿಯ ಆಯುಸ್ಸು ನಿಂತಿದೆ. ಒಡೆಯರ ಜೀವನವನ್ನು ಈ ದಾರಿಯಿಂದ ನೋಡಿದರೆ, ಮನೆಯ ಅಟ್ಟದಲ್ಲಿ ಹಳೆಯ ತಟ್ಟೆಗಳನ್ನು ಇಟ್ಟುಕೊಂಡಿರುವ ನಮಗೂ ಕಲಿಯಲು ಬೇಕಾದಷ್ಟಿದೆ.

ಅರಮನೆಯ ಎರಡು ಸಂಗೀತಗಳು

ಜಯಚಾಮರಾಜ ಒಡೆಯರು 1919ರ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ತಾಯಿ ಯುವರಾಣಿ ಕೆಂಪುಚೆಲುವಾಜಮ್ಮಣ್ಣಿಯವರು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿರಲಿಲ್ಲವಾದ್ದರಿಂದ ಈ ಬಾಲಕನೇ ಮುಂದೆ ಪಟ್ಟಕ್ಕೆ ಬರಬೇಕಾದವನು ಎಂಬುದು ಎಲ್ಲರಿಗೂ ಗೊತ್ತಿತ್ತು.

ಆ ದಿನಗಳ ಮೈಸೂರು ಅರಮನೆಯಲ್ಲಿ ಎರಡು ಸಂಗೀತಗಳು ಜೊತೆಜೊತೆಯಾಗಿ ಹರಿಯುತ್ತಿದ್ದವು. ಒಂದು ಕಡೆ ವೈಣಿಕ ಶಿಖಾಮಣಿ ಶೇಷಣ್ಣನವರ ಪರಂಪರೆ, ಬಿಡಾರಂ ಕೃಷ್ಣಪ್ಪನವರ ಗಾಯನ, ಮೈಸೂರು ವಾಸುದೇವಾಚಾರ್ಯರ ಕೃತಿಗಳು, ಮುತ್ತಯ್ಯ ಭಾಗವತರ ಚಾಮುಂಡಾಂಬಾ ಕೀರ್ತನೆಗಳು. ಇನ್ನೊಂದು ಕಡೆ ಅರಮನೆಯ ಬ್ಯಾಂಡು, ಪಾಶ್ಚಾತ್ಯ ವಾದ್ಯವೃಂದ, ಪಿಯಾನೋ. ನಾಲ್ವಡಿಯವರೇ ವೀಣೆ, ಕೊಳಲು, ಪಿಟೀಲು, ಪಿಯಾನೋಗಳಲ್ಲಿ ಪರಿಶ್ರಮವಿದ್ದವರು. ಬಾಲಕ ಜಯಚಾಮರಾಜರಿಗೆ ಮೊದಲು ಒಲಿದದ್ದು ಪಿಯಾನೋ. ಅದರಲ್ಲಿ ಅವರ ಸಾಧನೆ ದೊರೆಮಕ್ಕಳ ಹವ್ಯಾಸದ ಮಟ್ಟದ್ದಾಗಿರಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿಯನ್ನು ಅವರು ಪಡೆದರು. 1945ರಲ್ಲಿ ಅಲ್ಲಿಯ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋ ಮನ್ನಣೆ ನೀಡಿತು.

ಶಾಲಾ ಕಾಲೇಜು ವಿದ್ಯೆಯಲ್ಲೂ ಅವರು ಹಿಂದೆ ಬೀಳಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಓದಿ 1938ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಪದವಿ ಪಡೆದರು. ಆದರೂ ಅವರ ಮನಸ್ಸಿನಲ್ಲಿದ್ದ ಆಸೆ ಸಿಂಹಾಸನದ್ದಲ್ಲ. ಸಭೆಗಳಲ್ಲಿ ಕಚೇರಿ ನೀಡುವ ಪಿಯಾನೋ ವಾದಕನಾಗಬೇಕೆಂದು ಅವರು ಬಯಸಿದ್ದರು.

ನೂರು ಗ್ರಾಮಿನ ಮುಳ್ಳು

ಅವರು ಬೆಳೆಯುತ್ತಿದ್ದ ಕಾಲದಲ್ಲಿ ಮೈಸೂರಿನಲ್ಲಿ ಕುಳಿತು ಯೂರೋಪಿನ ಸಂಗೀತ ಕೇಳಬೇಕಾದರೆ ಇದ್ದ ದೊಡ್ಡ ದಾರಿ ಗ್ರಾಮಫೋನು. ಆ ಯಂತ್ರ ಹೇಗಿತ್ತೆಂಬುದನ್ನು ಇಂದಿನ ಮಕ್ಕಳಿಗಾಗಿ ಸ್ವಲ್ಪ ಹೇಳಬೇಕು. ಕೀಲಿ ತಿರುಗಿಸಿದರೆ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ತಟ್ಟೆಯ ಮೈಮೇಲೆ ಸುರುಳಿಯಾಗಿ ಒಂದೇ ಜಾಡು. ಜಾಡಿನ ಗೋಡೆಗಳು ನೇರವಾಗಿರದೆ ಅಲೆಅಲೆಯಾಗಿರುತ್ತವೆ. ಉಕ್ಕಿನ ಮುಳ್ಳು ಆ ಜಾಡಿನಲ್ಲಿ ಓಡುವಾಗ ಅಲುಗಾಡುತ್ತದೆ. ಆ ಅಲುಗಾಟ ಸೌಂಡ್ ಬಾಕ್ಸಿನ ತೆಳುವಾದ ಬಿಲ್ಲೆಯನ್ನು ನಡುಗಿಸುತ್ತದೆ. ಆ ನಡುಕವೇ ಕಹಳೆಯ ಬಾಯಿಂದ ಹಾಡಾಗಿ ಹೊರಬರುತ್ತದೆ.

ಇಲ್ಲಿ ವಿದ್ಯುತ್ತಿನ ಸಹಾಯವಿಲ್ಲ. ಕೋಣೆ ತುಂಬುವ ಶಬ್ದಕ್ಕೆ ಬೇಕಾದ ಬಲವೆಲ್ಲ ಜಾಡಿನ ಗೋಡೆ ಮುಳ್ಳನ್ನು ತಳ್ಳುವುದರಿಂದಲೇ ಬರಬೇಕು. ಆದ್ದರಿಂದ ಮುಳ್ಳು ಭಾರವಾಗಿ ಕೂರಲೇಬೇಕು. ಹಳೆಯ ಕೀಲಿ ಗ್ರಾಮಫೋನಿನಲ್ಲಿ ಆ ಭಾರ ನೂರು ಗ್ರಾಮಿಗೂ ಮೀರಿರುತ್ತಿತ್ತು. ಅಂದರೆ ಹಳೆಯ ಹತ್ತು ಬೆಳ್ಳಿ ರೂಪಾಯಿಗಳನ್ನು ಒಂದರ ಮೇಲೊಂದು ಜೋಡಿಸಿ ಸೂಜಿಮೊನೆಯ ಮೇಲೆ ಇಟ್ಟಂತೆ.

ಈ ಭಾರವನ್ನು ತಾಳುವಂತೆ ತಟ್ಟೆಯನ್ನು ಗಟ್ಟಿ ಸರಕಿನಿಂದ ಮಾಡುತ್ತಿದ್ದರು. ಅದರ ಅಂಟು ಅರಗು, ನಮ್ಮ ದೇಶದ ಕಾಡುಗಳಲ್ಲಿ ಅರಗಿನ ಹುಳು ಮರದ ಕೊಂಬೆಗಳ ಮೇಲೆ ಕಟ್ಟುವ ಅದೇ ಅರಗು. ಅದಕ್ಕೆ ನುಣ್ಣನೆಯ ಕಲ್ಲಿನ ಪುಡಿಯನ್ನು ಬೆರೆಸುತ್ತಿದ್ದರು. ಆ ಪುಡಿ ಸಾಣೆಕಲ್ಲಿನಂತೆ ಮುಳ್ಳನ್ನು ಮೊದಲ ಕೆಲವು ಸುತ್ತುಗಳಲ್ಲೇ ಉಜ್ಜಿ ಜಾಡಿಗೆ ಸರಿಯಾಗಿ ಹೊಂದಿಸುತ್ತಿತ್ತು. ಸವೆಯಬೇಕಾದದ್ದು ಮುಳ್ಳು, ಉಳಿಯಬೇಕಾದದ್ದು ತಟ್ಟೆ ಎಂಬುದು ಲೆಕ್ಕ. ಅದಕ್ಕಾಗಿಯೇ ತಟ್ಟೆಯ ಪ್ರತಿಯೊಂದು ಬದಿಗೂ ಹೊಸ ಮುಳ್ಳು ಹಾಕಬೇಕೆಂಬ ನಿಯಮ. ಜಿಪುಣತನದಿಂದ ಒಂದೇ ಮುಳ್ಳನ್ನು ಹತ್ತು ತಟ್ಟೆಗಳಿಗೆ ಓಡಿಸಿದವರ ಮನೆಯ ತಟ್ಟೆಗಳಲ್ಲಿ ಇಂದು ಹಾಡಿಗಿಂತ ಕರಕರ ಶಬ್ದವೇ ಹೆಚ್ಚು. ಮೊಂಡಾದ ಉಕ್ಕು ಉಳಿಯಂತಾಗಿ ಜಾಡನ್ನು ಕೆತ್ತಿಬಿಡುತ್ತದೆ.

ಕೈತಪ್ಪಿದ ಪಿಯಾನೋ

1939ರಲ್ಲಿ ಯುವಕ ಜಯಚಾಮರಾಜರು ತಂದೆಯವರೊಡನೆ ಯೂರೋಪಿನ ಪ್ರವಾಸ ಮಾಡಿದರು. ಕಲಾವಿದರನ್ನೂ ವಿದ್ವಾಂಸರನ್ನೂ ಕಂಡರು. ಆದರೆ ಮರುವರ್ಷವೇ ಎರಡು ಸಿಡಿಲುಗಳು ಬಡಿದವು. 1940ರ ಮಾರ್ಚ್ 11ರಂದು ಯುವರಾಜರು ಬೊಂಬಾಯಿಯಲ್ಲಿ ತೀರಿಕೊಂಡರು. ಆಗಸ್ಟ್ 3ರಂದು ನಾಲ್ವಡಿಯವರೂ ಕಣ್ಮುಚ್ಚಿದರು. ಸೆಪ್ಟೆಂಬರ್ 8ರಂದು, ಇಪ್ಪತ್ತೊಂದು ವರ್ಷದ ಜಯಚಾಮರಾಜರು ಸಿಂಹಾಸನವೇರಿದರು. ಪಿಯಾನೋ ವಾದಕನಾಗುವ ಕನಸು ಅಲ್ಲಿಗೆ ಮುಗಿಯಿತು.

ತಾನು ನುಡಿಸಲಾರದ್ದನ್ನು ಬೇರೆಯವರಿಂದ ನುಡಿಸಿ ಕೇಳಬಹುದು ಎಂಬ ದಾರಿ ಮಾತ್ರ ಉಳಿದಿತ್ತು. ಜೊತೆಗೆ ಆಗ ಮಹಾಯುದ್ಧದ ಕಾಲ. ಸಮುದ್ರ ದಾಟಿ ಹೋಗುವಂತಿಲ್ಲ. ತಟ್ಟೆಗಳೇ ಅವರ ಸಂಗೀತ ಸಭೆಯಾದವು. ಎಲ್ಲರೂ ಕೇಳುವ ಪ್ರಸಿದ್ಧ ಕೃತಿಗಳಿಗಿಂತ, ಒಳ್ಳೆಯದಾಗಿದ್ದೂ ಯಾರೂ ಗಮನಿಸದ ಕೃತಿಗಳ ಕಡೆಗೆ ಅವರ ಕಿವಿ ಹೆಚ್ಚು ಹೊರಳುತ್ತಿತ್ತು. ಅಂಥವುಗಳಲ್ಲಿ ಒಂದು ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಕಾರರ ಪಿಯಾನೋ ಸಂಗೀತ.

ಮರೆತುಹೋದವರ ಕೈಹಿಡಿದದ್ದು

ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು. ಪ್ರಸಿದ್ಧ ರಾಖ್ಮನಿನೋವ್ ಅವರ ಆಪ್ತಮಿತ್ರರು. ಕ್ರಾಂತಿಯ ಬಳಿಕ 1921ರಲ್ಲಿ ತಾಯ್ನಾಡನ್ನು ಬಿಟ್ಟು, ಊರೂರು ಅಲೆದು, ಕೊನೆಗೆ ಲಂಡನ್ನಿನಲ್ಲಿ ನೆಲಸಿದರು. ಅವರ ಸಂಗೀತ ಹೊಸ ಫ್ಯಾಷನ್ನಿಗೆ ಒಗ್ಗುವಂಥದ್ದಾಗಿರಲಿಲ್ಲ. ಯುದ್ಧ ಆರಂಭವಾದೊಡನೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. 1942ರಲ್ಲಿ ಹೃದಯಾಘಾತವಾಯಿತು. ಗೋಲ್ಡರ್ಸ್ ಗ್ರೀನ್ ಎಂಬ ಬಡಾವಣೆಯ ಮನೆಯಲ್ಲಿ, ಮಕ್ಕಳಿಗೆ ಪಾಠ ಹೇಳಿ ಜೀವನ ಸಾಗಿಸುತ್ತಿದ್ದ ಈ ವೃದ್ಧರ ಹೆಸರು ಅಲ್ಲಿಯವರಿಗೇ ಮರೆಯತೊಡಗಿತ್ತು.

ಇಂಥ ಸಮಯದಲ್ಲಿ ಅವರಿಗೆ ನೆರವು ಬಂದದ್ದು ಮೈಸೂರಿನಿಂದ. ತಮ್ಮ ವೆಚ್ಚದಲ್ಲಿ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಬೇಕೆಂದು ಮಹಾರಾಜರು 1946ರಲ್ಲಿ ಏರ್ಪಾಡು ಮಾಡಿದರು. ಇದಕ್ಕಾಗಿ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿ 1947ರಿಂದ ಮುದ್ರಣ ಆರಂಭಿಸಿತು. ಮೂರು ಪಿಯಾನೋ ಕಾನ್ಸರ್ಟೋಗಳು, ಅನೇಕ ಬಿಡಿ ಕೃತಿಗಳು, ಹಾಡುಗಳು ತಟ್ಟೆಗಳಾದವು. ರೋಗಪೀಡಿತ ಮೆಟ್ನರ್ ಹೃದಯದ ನೋವನ್ನು ಲೆಕ್ಕಿಸದೆ ಮುದ್ರಣ ಕೊಠಡಿಗೆ ಬಂದು ನುಡಿಸಿದರು. ತಮ್ಮ ಮೂರನೆಯ ಕಾನ್ಸರ್ಟೋವನ್ನು ಕೃತಜ್ಞತೆಯಿಂದ ಮೈಸೂರು ಮಹಾರಾಜರಿಗೆ ಅರ್ಪಿಸಿದರು.

ಕೆಲಸ ಎಷ್ಟು ದೊಡ್ಡದೆಂಬುದಕ್ಕೆ ಒಂದು ಲೆಕ್ಕ ಸಾಕು. ಹನ್ನೆರಡು ಅಂಗುಲದ 78ರ ತಟ್ಟೆಯ ಒಂದು ಬದಿಯಲ್ಲಿ ನಾಲ್ಕು, ನಾಲ್ಕೂವರೆ ನಿಮಿಷದ ಸಂಗೀತ ಮಾತ್ರ ಹಿಡಿಯುತ್ತದೆ. ಅರ್ಧ ಗಂಟೆಗೂ ಮೀರಿದ ಕಾನ್ಸರ್ಟೋವನ್ನು ಏಳೆಂಟು ತುಂಡು ಮಾಡಿ ನುಡಿಸಬೇಕು. ಒಂದು ತುಂಡು ಕೆಟ್ಟರೆ ಅಷ್ಟನ್ನೂ ಮತ್ತೆ ನುಡಿಸಬೇಕು. ಮೆಟ್ನರ್ 1951ರ ನವೆಂಬರ್ 13ರಂದು ತೀರಿಕೊಂಡರು. ಮೈಸೂರಿನ ನೆರವು ನಾಲ್ಕೈದು ವರ್ಷ ತಡವಾಗಿ ಬಂದಿದ್ದರೆ, ತನ್ನ ಕೃತಿಗಳನ್ನು ಆ ಕರ್ತೃವೇ ನುಡಿಸಿದ ಈ ದನಿ ಜಗತ್ತಿಗೆ ದೊರೆಯುತ್ತಲೇ ಇರಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಅದೇ ವರ್ಷಗಳಲ್ಲಿ ಮೈಸೂರಿನ ಪ್ರಜೆಗಳು ಜವಾಬ್ದಾರಿ ಸರಕಾರಕ್ಕಾಗಿ ಹೋರಾಡುತ್ತಿದ್ದರು. 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ನಡೆಯಿತು. ಜನ ಜೈಲು ಸೇರಿದರು, ಪ್ರಾಣ ತೆತ್ತವರೂ ಇದ್ದಾರೆ. ಅಂಥ ಹೊತ್ತಿನಲ್ಲಿ ದೂರದ ಲಂಡನ್ನಿನ ಸಂಗೀತಕ್ಕೆ ಅರಮನೆಯ ಹಣ ಹೋದದ್ದು ಸರಿಯೇ? ಈ ಪ್ರಶ್ನೆಯನ್ನು ಮುಚ್ಚಿಡಬೇಕಾಗಿಲ್ಲ. ಕೊನೆಗೆ ಮಹಾರಾಜರು ಜನರ ಬೇಡಿಕೆಗೆ ಒಪ್ಪಿ, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು ಎಂಬುದು ಇತಿಹಾಸ. ಅರಸೊತ್ತಿಗೆಯ ಹಣ ಬೇಟೆ, ಕುದುರೆ ಜೂಜು, ಮೋಜುಗಳಿಗೆ ಹರಿದುಹೋದ ಸಂಸ್ಥಾನಗಳು ದೇಶದಲ್ಲಿ ಎಷ್ಟೋ ಇದ್ದವು. ಇಲ್ಲಿ ಆ ಹಣದ ಒಂದು ಪಾಲು, ಎಂಬತ್ತು ವರ್ಷಗಳಾಗುತ್ತ ಬಂದರೂ ಜನ ಕೇಳುತ್ತಿರುವ ವಸ್ತುವಾಗಿ ಉಳಿಯಿತು ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಲಂಡನ್ನಿನ ವಾದ್ಯವೃಂದ

ಮೆಟ್ನರ್ ತಟ್ಟೆಗಳಲ್ಲಿ ನುಡಿಸಿದ ವಾದ್ಯವೃಂದ ಫಿಲ್‌ಹಾರ್ಮೋನಿಯಾ. ಅದನ್ನು 1945ರಲ್ಲಿ ಕಟ್ಟಿದವರು ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣ ತಜ್ಞರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿ ಮೈಸೂರು ಮಹಾರಾಜರೇ ಆಯ್ಕೆಯಾದರು. 1949ರಲ್ಲಿ ಲೆಗ್ ಮೈಸೂರಿಗೆ ಬಂದರು. ಮೂವತ್ತರ ಆಸುಪಾಸಿನ ಮಹಾರಾಜರು, ವಿಶಾಲವಾದ ತಟ್ಟೆಗಳ ಭಂಡಾರ, ಬಗೆಬಗೆಯ ಧ್ವನಿವರ್ಧಕಗಳು, ದೊಡ್ಡ ಪಿಯಾನೋಗಳು ಇವೆಲ್ಲವನ್ನು ಕಂಡು ಅವರು ಬೆರಗಾದರು. ವಾದ್ಯವೃಂದಕ್ಕೆ ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳ ನೆರವು ನೀಡಲು ಮಹಾರಾಜರು ಒಪ್ಪಿದರು.

ಆ ನೆರವಿನಿಂದ ಬಾಲಾಕಿರೆವ್, ರೂಸೆಲ್ ಮೊದಲಾದವರ, ಮಾರಾಟದ ದೃಷ್ಟಿಯಿಂದ ಕಂಪನಿಗಳು ಹಿಂಜರಿಯುವಂಥ ಕೃತಿಗಳು 1949ರಲ್ಲಿ ಕಾರಾಯಾನ್ ಅವರ ನಿರ್ದೇಶನದಲ್ಲಿ ಮುದ್ರಿತವಾದವು. ಆಗಿನ್ನೂ ಮೇಲೇರುತ್ತಿದ್ದ ಕಾರಾಯಾನ್ ಮುಂದೆ ಜಗದ್ವಿಖ್ಯಾತರಾದರು. ಫಿಲ್‌ಹಾರ್ಮೋನಿಯಾ ಇಂದಿಗೂ ಲಂಡನ್ನಿನ ಪ್ರಮುಖ ವಾದ್ಯವೃಂದಗಳಲ್ಲಿ ಒಂದು.

ಸವೆದ ತಟ್ಟೆ

ಈಗ ಈ ಕಥೆಯ ಮುಖ್ಯ ಘಟ್ಟಕ್ಕೆ ಬರೋಣ. ಜರ್ಮನಿಯ ಹಿರಿಯ ಸಂಗೀತಕಾರ ರಿಚರ್ಡ್ ಸ್ಟ್ರೌಸ್ 1948ರಲ್ಲಿ, ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ವಾದ್ಯವೃಂದದೊಡನೆ ಹಾಡುವಂಥ ನಾಲ್ಕು ಗೀತೆಗಳನ್ನು ರಚಿಸಿದರು. 1949ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಅವರು ಆ ಗೀತೆಗಳನ್ನು ಕೇಳಲೇ ಇಲ್ಲ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವುಗಳ ಪ್ರಥಮ ಪ್ರದರ್ಶನ ನಡೆಯಿತು. ಹಾಡಿದವರು ನಾರ್ವೆಯ ಮಹಾನ್ ಗಾಯಕಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ನಿರ್ದೇಶಿಸಿದವರು ಫುರ್ಟ್‌ವೆಂಗ್ಲರ್. ವಾದ್ಯವೃಂದ ಫಿಲ್‌ಹಾರ್ಮೋನಿಯಾ. ಆ ಸಂಜೆಗೆ 4,800 ಡಾಲರುಗಳ ಖಾತರಿ ನೀಡಿದವರು ಜಯಚಾಮರಾಜ ಒಡೆಯರು. ಅವರು ಸಭೆಯಲ್ಲಿರಲಿಲ್ಲ. ಕಾರ್ಯಕ್ರಮವನ್ನು ಮುದ್ರಿಸಿ ತಟ್ಟೆಗಳನ್ನು ಮೈಸೂರಿನ ಭಂಡಾರಕ್ಕೆ ಕಳುಹಿಸಬೇಕೆಂಬುದೇ ಏರ್ಪಾಡು.

ಮುದ್ರಣ ನಡೆದದ್ದು ಅಸಿಟೇಟ್ ಎಂದು ಕರೆಯುವ ತಟ್ಟೆಗಳ ಮೇಲೆ. ಇವು ಅರಗಿನ ತಟ್ಟೆಗಳಂತೆ ಗಟ್ಟಿಯಲ್ಲ. ಅಲ್ಯೂಮಿನಿಯಮಿನ ಹಾಳೆಗೆ ಮೆತ್ತನೆಯ ಅರಗೆಣ್ಣೆಯಂಥ ಲೇಪ ಬಳಿದು, ಅದು ಒಣಗಿದ ಮೇಲೆ ಅದರಲ್ಲಿ ನೇರವಾಗಿ ಜಾಡು ಕೊರೆಯುತ್ತಾರೆ. ಸ್ಥಳದಲ್ಲೇ ಮುದ್ರಿಸಿ ಸ್ಥಳದಲ್ಲೇ ಕೇಳಬಹುದು ಎಂಬುದು ಅನುಕೂಲ. ಮೆತ್ತಗಿರುವುದೇ ಅನಾನುಕೂಲ. ಆ ದಿನಗಳ ವಿದ್ಯುತ್ ಪಿಕಪ್ಪುಗಳು ಕೀಲಿ ಗ್ರಾಮಫೋನಿಗಿಂತ ಹಗುರವಾಗಿದ್ದರೂ ಇಂಥ ಮೆತ್ತನೆಯ ಮೈಗೆ ಭಾರವೇ. ಪ್ರತಿ ಸಲ ಮುಳ್ಳು ಓಡಿದಾಗಲೂ ಜಾಡಿನ ಸೂಕ್ಷ್ಮವಾದ ಏರಿಳಿತಗಳು ಸ್ವಲ್ಪ ಸ್ವಲ್ಪವಾಗಿ ಅಳಿಯುತ್ತವೆ. ಮೊದಲು ಹೋಗುವುದು ತಾರದ ಸೂಕ್ಷ್ಮ ನಾದಗಳು, ವ್ಯಂಜನಗಳ ಸ್ಪಷ್ಟತೆ. ಆಮೇಲೆ ಉಳಿಯುವುದು ಮಂಕು ದನಿ, ಮಳೆ ಸುರಿದಂಥ ಶಬ್ದ.

ಆ ಸಂಜೆಯ ತಟ್ಟೆಗಳಿಗೆ ಆದದ್ದೂ ಅದೇ. ಮುಂದೆ ಅವುಗಳಿಂದ ಎಲ್‌ಪಿ ತಟ್ಟೆ ಮಾಡಲು ಹೊರಟಾಗ ಅವು ಬಹಳ ಸವೆದಿದ್ದವು. ಆ ಎಲ್‌ಪಿಯನ್ನು ಕೇಳಿದವರು ದನಿ ತೀರ ಕಳಪೆಯೆಂದು ನಿರಾಶರಾದರು. ತಜ್ಞರು ಗಣಕಯಂತ್ರದ ನೆರವಿನಿಂದ 2007ರಲ್ಲಿ ಒಮ್ಮೆ, 2014ರಲ್ಲಿ ಮತ್ತೊಮ್ಮೆ ಶ್ರಮಪಟ್ಟು ಅದನ್ನು ಆದಷ್ಟು ತಿಳಿಗೊಳಿಸಿದರು. ಆದರೂ ಜಾಡಿನಿಂದ ಉಜ್ಜಿಹೋದದ್ದು ಉಜ್ಜಿಹೋಯಿತು. ಒಬ್ಬ ಅರಸರು ಸಾವಿರಾರು ಡಾಲರು ಕೊಟ್ಟು ಹಿಡಿಸಿದ ದನಿಯನ್ನು ಕೆಲವು ಗ್ರಾಮುಗಳ ಹೆಚ್ಚುವರಿ ಭಾರ ತಿಂದುಹಾಕಬಲ್ಲದು. ಹಣವಿದ್ದರೆ ಮುದ್ರಿಸಬಹುದು, ಉಳಿಸಲು ಬೇಕಾದದ್ದು ಹಗುರವಾದ ಕೈ.

ತಂತ್ರಜ್ಞರೂ ಈ ಪಾಠವನ್ನು ಆ ಹೊತ್ತಿಗೆ ಕಲಿಯುತ್ತಿದ್ದರು. 1948ರ ಜೂನ್ ತಿಂಗಳಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಎಲ್‌ಪಿ ತಟ್ಟೆಯನ್ನು ತಂದಿತ್ತು. ಅದು ನಿಮಿಷಕ್ಕೆ 33⅓ ಸುತ್ತು ಮಾತ್ರ ತಿರುಗುತ್ತದೆ. ಒಂದು ಬದಿಯಲ್ಲೇ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸಂಗೀತ ಹಿಡಿಯುತ್ತದೆ. ಅರಗಿನ ಬದಲು ವಿನೈಲ್ ಪ್ಲಾಸ್ಟಿಕ್. ಜಾಡು ಹಳೆಯದರ ಮೂರನೆಯ ಒಂದರಷ್ಟು ಸಣ್ಣದು. ಅದಕ್ಕೆ ಉಕ್ಕಿನ ಮುಳ್ಳಲ್ಲ, ನೀಲಮಣಿಯ ಅಥವಾ ವಜ್ರದ ಮೊನೆ. ಭಾರ ನೂರು ಗ್ರಾಮಿನಿಂದ ಆರೆಂಟು ಗ್ರಾಮಿಗೆ ಇಳಿಯಿತು. 1970ರ ಹೊತ್ತಿಗೆ ಒಳ್ಳೆಯ ಯಂತ್ರಗಳಲ್ಲಿ ಎರಡು ಗ್ರಾಂ, ಕೆಲವದರಲ್ಲಿ ಇನ್ನೂ ಕಡಿಮೆಯಾಯಿತು. ಒಡೆಯರ ಒಂದು ಜೀವಮಾನದಲ್ಲೇ ಮುಳ್ಳಿನ ಭಾರ ಐವತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು.

ಕೊನೆಯ ವರ್ಷಗಳು

ಕೇಳುತ್ತ ಕೇಳುತ್ತ ಒಡೆಯರ ಮನಸ್ಸು ಕರ್ನಾಟಕ ಸಂಗೀತದ ಕಡೆಗೂ ತಿರುಗಿತ್ತು. ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತರು. ಶ್ರೀವಿದ್ಯಾ ಉಪಾಸಕರಾಗಿ, ಅದೇ ಅಂಕಿತದಲ್ಲಿ ಸಂಸ್ಕೃತದ 94 ಕೃತಿಗಳನ್ನು ರಚಿಸಿದರು. ಅವುಗಳಲ್ಲಿ ಅಪರೂಪದ ರಾಗಗಳಲ್ಲಿರುವವು ಅನೇಕ. ಋಗ್ವೇದ ಸಂಹಿತೆ, ಪುರಾಣಗಳು ಕನ್ನಡದಲ್ಲಿ ದೊರೆಯುವಂತೆ ಜಯಚಾಮರಾಜೇಂದ್ರ ಗ್ರಂಥಮಾಲೆಯನ್ನು ನಡೆಸಿದರು. 1952ರಲ್ಲಿ ಭಾರತೀಯ ವನ್ಯಜೀವಿ ಮಂಡಲಿಯ ಮೊದಲ ಅಧ್ಯಕ್ಷರಾದರು.

1950ರ ಜನವರಿ 26ರಿಂದ ಅವರು ಮೈಸೂರಿನ ರಾಜಪ್ರಮುಖರು. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾಗಿ ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಅದರ ಮೊದಲ ರಾಜ್ಯಪಾಲರು. 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರು. 1971ರಲ್ಲಿ ರಾಜಧನ ರದ್ದಾಯಿತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಆಗ ಅವರಿಗೆ ಐವತ್ತೈದು ವರ್ಷ.

ಅವರು ರಾಜ್ಯಪಾಲರಾದ ಆ ನವೆಂಬರ್ 1 ನಮ್ಮ ಪಾಲಿಗೆ ಬೇರೆ ಕಾರಣದಿಂದ ನೆನಪಿರುವ ದಿನ. ಅಂದೇ ಕಾಸರಗೋಡು ಕೇರಳಕ್ಕೆ ಸೇರಿತು. ಅನಂತಪುರ ಸೀಮೆಯ ಹಿಂದೂಪುರ, ಕಲ್ಯಾಣದುರ್ಗಗಳು 1953ರಲ್ಲೇ ಆಂಧ್ರಕ್ಕೆ ಸೇರಿದ್ದವು. ಬೆಲ್ಲ, ಹುಣಸೆಹಣ್ಣಿನ ವ್ಯಾಪಾರಕ್ಕೆ ಹೆಸರಾದ ಹಿಂದೂಪುರ ಹಿಂದಿನಿಂದಲೂ ಗಡಿಯ ಊರು. 1890ರ ದಶಕದಲ್ಲಿ ಗುಂತಕಲ್ಲಿನಿಂದ ಅಲ್ಲಿಗೆ ಬಂದ ರೈಲುದಾರಿಗೆ ಮೈಸೂರು ಗಡಿ ರೈಲ್ವೆ ಎಂದೇ ಹೆಸರಿತ್ತು. ಗೆರೆ ಎಲ್ಲಿ ಎಳೆದರೂ ತಟ್ಟೆಯೊಳಗಿನ ದನಿಗೆ ಅದರ ತಡೆಯಿಲ್ಲ. ಕಾಳಿಂಗರಾಯರ ಭಾವಗೀತೆ, ರಾಜಾ ಅಯ್ಯಂಗಾರ್ಯರ ದೇವರನಾಮ, ಕಂಪನಿ ನಾಟಕದ ಹಾಡು ಗಡಿಯ ಈಚೆಯ ಮನೆಗಳಲ್ಲೂ ಕೇಳಿಬರುತ್ತಿದ್ದವು. ಅಂಥ ತಟ್ಟೆಗಳು ನಮ್ಮ ಅಟ್ಟಗಳಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಉಳಿದಿವೆ. ಅಜ್ಜನ ಕಾಲದ ತಟ್ಟೆಯನ್ನು ಮೊಮ್ಮಗ ಹೊಸ ಯಂತ್ರದ ಮೇಲಿಟ್ಟು ಕೇಳುವ ಉತ್ಸಾಹವೂ ಈಗ ಮತ್ತೆ ಕಾಣುತ್ತಿದೆ. ಆ ಉತ್ಸಾಹವೇ ತಟ್ಟೆಗೆ ಕಂಟಕವಾಗದಂತೆ ನೋಡಿಕೊಳ್ಳುವ ಬಗೆಯನ್ನು ಇಲ್ಲಿ ಹೇಳುವುದು ಅಗತ್ಯ.

ಹದಿನಾರು ಗುಲಗಂಜಿ

ಮೊದಲನೆಯದಾಗಿ, 78ರ ಅರಗಿನ ತಟ್ಟೆ ಬೇರೆ, ಎಲ್‌ಪಿ ಬೇರೆ. ಎಲ್‌ಪಿಯನ್ನು ಕೀಲಿ ಗ್ರಾಮಫೋನಿನ ಮೇಲೆ ಎಂದೂ ಇಡಬಾರದು. ಉಕ್ಕಿನ ಮುಳ್ಳು ಒಂದೇ ಓಟದಲ್ಲಿ ಅದನ್ನು ಉತ್ತುಬಿಡುತ್ತದೆ. ಹಾಗೆಯೇ 78ರ ತಟ್ಟೆಗೆ ಎಲ್‌ಪಿಯ ಸಣ್ಣ ಮೊನೆ ಸಲ್ಲದು. ಅದಕ್ಕೆ ಮೂರರಷ್ಟು ದಪ್ಪ ಮೊನೆ ಬೇಕು. ಇಂದಿನ ವಿದ್ಯುತ್ ಯಂತ್ರದಲ್ಲಿ ಮೂರರಿಂದ ಐದು ಗ್ರಾಂ ಭಾರ ಸಾಕು.

ಎಲ್‌ಪಿಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಗ್ರಾಂ. ಕಾರ್ಟ್ರಿಜ್ ತಯಾರಿಸಿದವರು ಎಷ್ಟೆಂದು ಹೇಳಿರುತ್ತಾರೋ ಅಷ್ಟೇ ಸರಿ. ನಮ್ಮ ಚಿನಿವಾರರ ಲೆಕ್ಕದಲ್ಲಿ ಒಂದು ಗುಲಗಂಜಿ ಸುಮಾರು 0.12 ಗ್ರಾಂ. ಎರಡು ಗ್ರಾಂ ಎಂದರೆ ಹದಿನಾರು ಗುಲಗಂಜಿಗಿಂತ ತುಸು ಹೆಚ್ಚು. ಹಳೆಯ ಕೀಲಿ ಗ್ರಾಮಫೋನಿನ ಭಾರ ಸಾವಿರ ಗುಲಗಂಜಿಯಷ್ಟು. ಎರಡು ಗ್ರಾಂ ಕಡಿಮೆಯೆಂದು ಉದಾಸೀನ ಬೇಡ. ಅದು ಕೂರುವ ಜಾಗ ಕೂದಲೆಳೆಗಿಂತಲೂ ಸಣ್ಣದು. ಹಾಗಾಗಿ ಅಲ್ಲಿಯ ಒತ್ತಡ ಚದರ ಸೆಂಟಿಮೀಟರಿಗೆ ಟನ್ನುಗಳ ಲೆಕ್ಕದಲ್ಲಿರುತ್ತದೆ.

ಹೊಂದಿಸುವ ಕ್ರಮ ಕಷ್ಟದ್ದಲ್ಲ. ಯಂತ್ರದ ತೋಳು ಬಾವಿಯ ಏತದಂತೆ. ಮುಂದೆ ಮುಳ್ಳು, ಹಿಂದೆ ತೂಕದ ಗುಂಡು. ಮೊದಲು ರಸಮಟ್ಟವಿಟ್ಟು ಯಂತ್ರ ಸಮತಟ್ಟಾಗಿದೆಯೇ ನೋಡಬೇಕು. ಧ್ವನಿವರ್ಧಕವನ್ನು ಆರಿಸಿಡಬೇಕು. ತೋಳನ್ನು ಒಳಕ್ಕೆ ಎಳೆಯದಂತೆ ತಡೆಯುವ ಆಂಟಿ ಸ್ಕೇಟಿಂಗ್ ಎಂಬ ತಿರುಪನ್ನು ಸೊನ್ನೆಗೆ ತರಬೇಕು. ಮುಳ್ಳಿನ ಮುಚ್ಚಳ ತೆಗೆದು, ತೋಳನ್ನು ತಟ್ಟೆಯಿಂದ ಆಚೆಗೆ ಹಿಡಿದು, ಗುಂಡನ್ನು ಮೆಲ್ಲಮೆಲ್ಲನೆ ತಿರುಗಿಸಬೇಕು. ತೋಳು ಮೇಲೂ ಹೋಗದೆ ಕೆಳಗೂ ಬೀಳದೆ ತಕ್ಕಡಿಯ ಮುಳ್ಳಿನಂತೆ ಸಮನಾಗಿ ತೇಲಿದರೆ ಅದು ಸೊನ್ನೆ. ಆಗ ಗುಂಡಿನ ಮುಂಭಾಗದ ಅಂಕಿಯ ಬಳೆಯನ್ನಷ್ಟೇ ತಿರುಗಿಸಿ ಸೊನ್ನೆಗೆ ತರಬೇಕು. ಬಳಿಕ ಗುಂಡನ್ನೂ ಬಳೆಯನ್ನೂ ಒಟ್ಟಿಗೆ ತಿರುಗಿಸಿ ಹೇಳಿದ ಅಂಕಿಗೆ ನಿಲ್ಲಿಸಬೇಕು. ಕೊನೆಗೆ ಆಂಟಿ ಸ್ಕೇಟಿಂಗನ್ನು ಅದೇ ಅಂಕಿಗೆ ಇಟ್ಟರೆ ಕೆಲಸ ಮುಗಿಯಿತು.

ಅಂಕಿಯನ್ನು ಕಣ್ಣುಮುಚ್ಚಿ ನಂಬದೆ ಒಮ್ಮೆ ತೂಗಿ ನೋಡುವುದು ಒಳ್ಳೆಯದು. ಇದಕ್ಕೆಂದೇ ಪುಟ್ಟ ಎಲೆಕ್ಟ್ರಾನಿಕ್ ಮಾಪಕಗಳು ದೊರೆಯುತ್ತವೆ. ಇಲ್ಲದಿದ್ದರೆ ಶಾಲಾ ಮಕ್ಕಳೂ ಮಾಡಬಹುದಾದ ಪ್ರಯೋಗವೊಂದಿದೆ. ತೆಳುವಾದ ಪ್ಲಾಸ್ಟಿಕ್ ಅಥವಾ ಮರದ ಅಡಿಪಟ್ಟಿಯನ್ನು ನಟ್ಟನಡುವೆ ಪೆನ್ಸಿಲಿನ ಮೇಲೆ ಸಮತೂಗಿಸಿ, ಎತ್ತರ ತಟ್ಟೆಯ ಮಟ್ಟಕ್ಕೆ ಬರುವಂತೆ ಇಡಬೇಕು. ಒಂದು ತುದಿಯಲ್ಲಿ ಹಳೆಯ ಅಲ್ಯೂಮಿನಿಯಮಿನ ಎರಡು ಪೈಸೆಯ ನಾಣ್ಯಗಳು. ಒಂದೊಂದರ ತೂಕ ಒಂದು ಗ್ರಾಂ. ನಡುವಿನಿಂದ ಅಷ್ಟೇ ದೂರದಲ್ಲಿ ಇನ್ನೊಂದು ಕಡೆ ಮುಳ್ಳನ್ನು ಮೆಲ್ಲನೆ ಇಳಿಸಬೇಕು. ಎರಡು ನಾಣ್ಯಗಳಿಗೆ ಪಟ್ಟಿ ಸಮನಾದರೆ ಭಾರ ಎರಡು ಗ್ರಾಂ. ಉಕ್ಕಿನ ಪಟ್ಟಿಯನ್ನೋ ಉಕ್ಕಿನ ನಾಣ್ಯವನ್ನೋ ಬಳಸಬಾರದು. ಕಾರ್ಟ್ರಿಜಿನೊಳಗೆ ಅಯಸ್ಕಾಂತವಿರುವುದರಿಂದ ಉಕ್ಕು ಅದನ್ನು ಸೆಳೆದು ಲೆಕ್ಕ ತಪ್ಪಿಸುತ್ತದೆ.

ಹಗುರವಾದಷ್ಟೂ ಒಳ್ಳೆಯದು ಎಂಬ ಭಾವನೆ ಹಲವರಲ್ಲಿದೆ. ಅದು ತಪ್ಪು. ಭಾರ ತೀರ ಕಡಿಮೆಯಾದರೆ ಮುಳ್ಳು ಜಾಡಿನ ಗೋಡೆಯನ್ನು ಬಿಟ್ಟು ಹಾರುತ್ತದೆ, ಮತ್ತೆ ಬಂದು ಬಡಿಯುತ್ತದೆ. ಏರುದನಿಯಲ್ಲಿ ಗಾಯಕನ ಸ್ವರ ಒಡೆದಂತೆ ಕೇಳಿಸಿದರೆ ಅದು ಹೆಚ್ಚಾಗಿ ಇದರ ಲಕ್ಷಣ. ಈ ಬಡಿತ ಭಾರಕ್ಕಿಂತ ಹೆಚ್ಚು ಹಾನಿಮಾಡೀತು. ತೂಕ ಹೊಂದಿಸುವ ಗುಂಡೇ ಇಲ್ಲದ ಅಗ್ಗದ ಪೆಟ್ಟಿಗೆ ಯಂತ್ರಗಳೂ ಇವೆ. ಅಂಥದರ ಮೇಲೆ, ಮತ್ತೆ ಸಿಗದ ತಟ್ಟೆಯನ್ನು ಇಡದಿರುವುದೇ ಲೇಸು. ಅಪರೂಪದ ತಟ್ಟೆಯಿದ್ದರೆ ಅದನ್ನು ಸೋಪಿನ ನೀರಿನಿಂದ ತೊಳೆಯುವ, ಬಟ್ಟೆಯಿಂದ ಉಜ್ಜುವ ಅವಸರ ಬೇಡ. ತಿಳಿದವರ ಸರಿಯಾದ ಯಂತ್ರದಲ್ಲಿ ಒಮ್ಮೆ ಓಡಿಸಿ ದನಿಯನ್ನು ಗಣಕಯಂತ್ರಕ್ಕೆ ಇಳಿಸಿಕೊಂಡು, ಮತ್ತೆ ಮತ್ತೆ ಆ ಪ್ರತಿಯನ್ನೇ ಕೇಳಬೇಕು. ತಟ್ಟೆಯನ್ನು ಬಿಸಿಲು ತಾಗದಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು.

ಇಪ್ಪತ್ತು ಸಾವಿರ ತಟ್ಟೆಗಳನ್ನು ಕೂಡಿಹಾಕುವ ಶಕ್ತಿ ನಮಗಾರಿಗೂ ಇಲ್ಲ. ಸಂಗೀತಗಾರರಿಗೆ ಪೌಂಡು ಡಾಲರುಗಳನ್ನು ಕಳುಹಿಸುವ ಶಕ್ತಿಯೂ ಇಲ್ಲ. ಆದರೆ ಯಾರೂ ಕೇಳದ ದನಿಯನ್ನು ಕಿವಿಗೊಟ್ಟು ಕೇಳಿ, ಅದು ತನ್ನೊಂದಿಗೇ ಮುಗಿದುಹೋಗಬಾರದೆಂದು ಒಡೆಯರು ಬಯಸಿದರಲ್ಲ, ಆ ಬಯಕೆಗೆ ಅರಮನೆ ಬೇಕಾಗಿಲ್ಲ. ಅಟ್ಟದ ಪೆಟ್ಟಿಗೆಯಲ್ಲಿ ಒಂದೇ ಒಂದು ಕನ್ನಡ ತಟ್ಟೆಯಿದ್ದರೂ ಅದರ ಮೇಲೆ ಮುಳ್ಳನ್ನಿಡುವ ಮುನ್ನ ಎಷ್ಟು ಭಾರವೆಂದು ತೂಗಿ ನೋಡೋಣ.